ನನ್ನ ಫೋಟೋದ ಕೆಳಗಿನ ಸಾಲುಗಳು

ತೆಲುಗು ಸೀಮೆಯ ಈ ಕುಷಾಯಿಗೂಡದಲ್ಲಿ ನಮ್ಮದೊಂದು ಕನ್ನಡ ಸಂಘವಿದೆ. ವರ್ಷಕ್ಕೊಮ್ಮೆ ಪತ್ರಿಕೆ ತರುತ್ತಾರೆ. ಈ ಸಲ ಪುಟ ಹೊಂದಿಸುವ ಕೆಲಸ ನನ್ನ ಮೊಮ್ಮಗಳ ಪಾಲಿಗೆ ಬಂತು. ಕೊಂಡಾಪುರದ ಆಫೀಸಿನಲ್ಲಿ ಅವಳು ಮಾಡುವುದು ಅದೇ ಕೆಲಸ. ಆದರೆ ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳಪ್ಪ, ಅಂದರೆ ನನ್ನ ಮಗ, ಅವನಿಗೂ ಬರುವುದಿಲ್ಲ. ಇಬ್ಬರೂ ಇಲ್ಲಿಯ ಸಾಲಿಯಲ್ಲಿ ತೆಲುಗು, ಇಂಗ್ಲಿಷ್ ಕಲಿತವರು. ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಅದೂ ಗದಗಿನ ಕಡೆ ಮೂರನೆಯ ಇಯತ್ತೆಗೆ ನಿಂತುಹೋದ ಓದು.

ಪತ್ರಿಕೆಯಲ್ಲಿ ಒಂದು ಪುಟ ನನ್ನದು. ಸಂಘದವರೊಬ್ಬರು ಬಂದು, ಮೊಬೈಲು ನನ್ನ ಬಾಯಿಗೆ ಹಿಡಿದು, ಗಂಡನ ಫ್ಯಾಕ್ಟರಿ ನೌಕರಿಯ ಬೆನ್ನು ಹತ್ತಿ ಈ ಊರಿಗೆ ಬಂದ ಸಂಗತಿ ಕೇಳಿಕೊಂಡು ಹೋಗಿದ್ದರು.

ಒಂದು ಭಾನುವಾರ ಮೊಮ್ಮಗಳು ಪುಟವನ್ನು ಪ್ರಿಂಟ್ ಮಾಡಿ ತಂದು ಕೈಗಿಟ್ಟಳು.

"ಅಜ್ಜಿ, ನೋಡಿ ಹೇಳು, ಹೆಂಗ ಐತಿ."

ಮೇಲೆ ನನ್ನ ಹೆಸರು. ಓದಿದೆ. ಕೆಳಗೆ ಫೋಟೋ. ನಾನೇ. ಅದರ ಕೆಳಗೆ ಒತ್ತೊತ್ತಾಗಿ ಸಾಲುಗಳು. ಅಲ್ಲಿ ಸಿಕ್ಕಿಬಿದ್ದೆ. ಒಂದು ಗ ಸಿಕ್ಕಿತು, ಒಂದು ದ ಸಿಕ್ಕಿತು, ನಡುವೆ ಇದ್ದದ್ದು ಕೈಗೆ ಬರಲಿಲ್ಲ. ನೋಡಿದ ಮುಖ, ಆದರೆ ಯಾರೆಂದು ಹೊಳೆಯದು, ಹಾಗೆ. ಚಷ್ಮಾ ಸೆರಗಿನಿಂದ ಒರೆಸಿ ಮತ್ತೆ ನೋಡಿದೆ. ಅಷ್ಟೇ.

ನಮ್ಮಕ್ಕನಿಗೆ ಶುರುವಾದದ್ದೂ ಹೀಗೆಯೇ. ಮೊದಲು ಕ್ಯಾಲೆಂಡರ್ ಓದುವುದು ಬಿಟ್ಟಳು. ಆಮೇಲೆ ಸೊಸೆಯನ್ನು ಕರೆದು, "ನೀವು ಯಾರ ಪೈಕಿರಿ?" ಎಂದು ಕೇಳಿದಳು. ಕೊನೆಗೆ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನನ್ನ ಸರದಿ ಬಂತು ಅಂದುಕೊಂಡೆ.

"ಅಕ್ಷರ ಭಾಳ ಸಣ್ಣವು," ಎಂದೆ. ಏನಾದರೂ ಹೇಳಬೇಕಲ್ಲ.

ಮುಂದಿನ ವಾರ ಅಕ್ಷರ ದೊಡ್ಡದು ಮಾಡಿ ತಂದಳು. ಫೋಟೋ ಎಡಕ್ಕೆ ಸರಿದಿತ್ತು. ಮೊದಲು ಸಣ್ಣದಾಗಿ ತಿಳಿಯದಿದ್ದದ್ದು ಈಗ ದೊಡ್ಡದಾಗಿ ತಿಳಿಯಲಿಲ್ಲ. "ಸಾಲು ಒಂದರ ಮ್ಯಾಲ ಒಂದು ಬಿದ್ದಾವು," ಎಂದೆ. ಅವಳು ನಿಟ್ಟುಸಿರು ಬಿಟ್ಟು ಸಾಲು ಬಿಡಿಸಿದಳು. ಪುಟ ಗಾಳಿಯಾಡುವಂತಾಯಿತು. ನನ್ನ ತಲೆ ಆಗಲಿಲ್ಲ.

ಅವಳು ಆಫೀಸಿಗೆ ಹೋದ ಮೇಲೆ ನನ್ನ ಪರೀಕ್ಷೆ ನಾನೇ ಮಾಡಿಕೊಂಡೆ. ಊರಿನಿಂದ ತಂದ ಊದಿನಕಡ್ಡಿ ಪೊಟ್ಟಣ ಓದಿದೆ, ಬಂತು. ಕನ್ನಡ ಪಂಚಾಂಗ ಓದಿದೆ, ಬಂತು. ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪೇಪರು ಓದಿದೆ, ಯಾವನೋ ಎಮ್ಮೆ ಕಳಕೊಂಡಿದ್ದ, ಅದೂ ಬಂತು. ಹಾಗಾದರೆ ಇದೇನು? ಊರವರ ಎಮ್ಮೆ ತಿಳಿಯುತ್ತದೆ, ನನ್ನ ಬಾಳೇ ನನಗೆ ತಿಳಿಯುವುದಿಲ್ಲವೆ? ಅಕ್ಕನಿಗೂ ಹೀಗೆ ಅರ್ಧ ಹೋಗಿ ಅರ್ಧ ಉಳಿದಿತ್ತೋ ಏನೋ, ಕೇಳೋಣವೆಂದರೆ ಅವಳಿಲ್ಲ. ಮಗನಿಗೆ ಹೇಳಲಿಲ್ಲ. ಹೇಳಿದರೆ ದವಾಖಾನೆ.

ಮರುದಿನ ಎದುರು ಮನೆಯ ತೆಲುಗಿನಾಕೆ ಕರಿಬೇವಿಗೆ ಬಂದಳು. ಟೇಬಲ್ಲಿನ ಮೇಲಿದ್ದ ಪುಟ ಎತ್ತಿಕೊಂಡು ಗಡಗಡ ಓದಿದಳು. ಆಮೇಲೆ ಸೋಫಾದ ಮೇಲೆ ಕೂತು ನಗತೊಡಗಿದಳು.

"ಏಂಟಮ್ಮಾ ಇದಿ? ಮೀ ಫೋಟೋ ಕಿಂದ ವಾಟರ್ ಟ್ಯಾಂಕ್ ಗೊಡವ?"

ನಿಮ್ಮ ಫೋಟೋದ ಕೆಳಗೆ ನೀರಿನ ಟ್ಯಾಂಕಿನ ತಂಟೆ ಯಾಕೆ ಎಂದು ಕೇಳುತ್ತಿದ್ದಳು. ಇದ್ದದ್ದು ತೆಲುಗು. ನಮ್ಮ ಅಪಾರ್ಟ್‌ಮೆಂಟಿನ ಟ್ಯಾಂಕು ತೊಳೆಯುವ ನೋಟೀಸು.

ಇಷ್ಟು ವರ್ಷ ಈ ಊರಲ್ಲಿದ್ದು ತೆಲುಗು ಅಕ್ಷರದ ಗುರುತಿಲ್ಲವೆ ಎನ್ನಬಹುದು. ಅಂಗಡಿಯ ಬೋರ್ಡಿನ ಮೇಲಿದ್ದರೆ ತೆಲುಗು ಎಂದು ಗೊತ್ತಾಗುತ್ತದೆ. ನನ್ನ ಹೆಸರಿನ ಕೆಳಗೆ, ನನ್ನ ಮನೆಯಲ್ಲಿ, ಕನ್ನಡ ಪತ್ರಿಕೆಯಲ್ಲಿ ಬಂದು ಕೂತರೆ ಯಾರಿಗೆ ಗೊತ್ತಾಗುತ್ತದೆ? ಎರಡೂ ಒಂದೇ ಅವ್ವನ ಮಕ್ಕಳಂತೆ ಕಾಣುತ್ತವೆ.

ಸಂಜೆ ಮೊಮ್ಮಗಳನ್ನು ಹಿಡಿದೆ.

"ಸಂಘದವರು ನಿನ್ನ ಹೆಸರು, ಫೋಟೋ ಅಷ್ಟ ಕಳಿಸ್ಯಾರ ಅಜ್ಜಿ, ಬರದ ಮ್ಯಾಟರ್ ಇನ್ನೂ ಬಂದಿಲ್ಲ. ಜಾಗಾ ತೋರ್ಸಾಕ ಕೈಗೆ ಸಿಕ್ಕದ್ದು ಹಾಕೀನಿ. ನೋಡು ಅಂದೆ, ಓದು ಅಂದಿನೇನು?"

"ಓದೂದಿಲ್ಲಂದ್ರ ಪುಟ ಯಾಕ ಬೇಕ, ಭಜಿ ಕಟ್ಟಾಕ?"

"ಮತ್ತ ಸಾಲು ಬಿಡಸು, ಅಕ್ಷರ ದೊಡ್ಡದು ಮಾಡು ಅಂದಿ?"

"ಸಂಘದಾಗ ಎಲ್ಲಾರೂ ಮುದುಕರ ಅದೀವಿ," ಎಂದೆ.

ಕೊನೆಗೂ ಸಂಘದಿಂದ ನಿಜವಾದ ಬರಹ ಬಂತು. ಹೊಸ ಪುಟ ಕೈಗೆ ಬಂದಾಗ ಬೆರಳಿಟ್ಟು ಸಾಲುಸಾಲಾಗಿ ಓದಿದೆ. ಎಲ್ಲ ತಿಳಿಯಿತು. ಗಂಡನ ಶಿಫ್ಟು, ನಳದ ಮುಂದಿನ ಜಗಳ, ಎಲ್ಲ ನನ್ನದೇ. ಕಟ್ಟಕಡೆಯ ಸಾಲಿಗೆ ಮತ್ತೆ ಗೊಂದಲವಾಯಿತು. "ಈ ನಗರ ನನ್ನನ್ನು ತಾಯಿಯಂತೆ ಮಡಿಲಲ್ಲಿಟ್ಟು ಸಲಹಿತು" ಎಂದಿತ್ತು.

"ಇದನ್ನ ನಾ ಅಂದಿಲ್ಲ."

"ಅಂದಿರಬೇಕಜ್ಜಿ. ಮರ್ತಿರ್ತೀ."

ಹಿಂದಿನ ವಾರವಾಗಿದ್ದರೆ ಆ ಮಾತು ಒಪ್ಪಿಬಿಡುತ್ತಿದ್ದೆ. ಈಗ ಆ ಸಾಲಿನ ಮೇಲೆ ಇನ್ನೊಮ್ಮೆ ಬೆರಳಿಟ್ಟು ಓದಿದೆ. ಅಂದೆನೋ, ಇಲ್ಲವೋ? ನೆನಪು ಕೈ ಕೊಡಬಹುದು. ಆದರೆ ನೀರಿಗಾಗಿ ಕೊಡ ಹಿಡಿಸಿ ಜಗಳಾಡಿಸಿದ ಊರನ್ನು ತಾಯಿ ಎನ್ನುವ ಬಾಯಿ ನನ್ನದಲ್ಲ. ಅಷ್ಟಂತೂ ಗೊತ್ತಿತ್ತು.

"ತಗಿ ಅದನ್ನ."

"ತಗದ್ರ ಕೆಳಗ ಖಾಲಿ ಉಳಿತೈತಿ. ಚಂದ ಕಾಣೂದಿಲ್ಲ."

"ಖಾಲಿ ಇರಲಿ. ನೋಡವರು ನೋಡ್ತಾರ, ಓದವರು ಓದ್ತಾರ."

ತೆಗೆದಳು. ಪತ್ರಿಕೆಯಲ್ಲಿ ಆ ಜಾಗ ಬೆಳ್ಳಗೆ ಹಾಗೆಯೇ ಇದೆ.