ಉಣ್ಣೆಯ ಸೈನ್ಯ ಕಟ್ಟಿದ ಉಗೆತ್

ಫ್ರಾನ್ಸಿನ ಬರ್ಗಂಡಿಯ ಮೋವಿಯೆ ಊರಿನ ಸಂತೆಯಲ್ಲಿ ಆಡಿನ ಹಾಲಿನ ಚೀಸ್ ಮಾರುತ್ತಿದ್ದ ಉಗೆತ್ ಪೆರಾಶೋಂಗೆ ಇದ್ದದ್ದು ಒಂದೇ ಹೆಮ್ಮೆ: ತನ್ನ ಕಂಠ. ಊರಿನ ಹಳೆಯ ಮಠದ ಚರ್ಚಿನಲ್ಲಿ ಈಸ್ಟರ್ ದಿನ ಖಾಲಿ ಚರ್ಚಿನಿಂದ ಜನರನ್ನು ಒಳಗೆ ಕರೆಯುವ ಒಂಟಿ ಹಾಡು ಎಷ್ಟೋ ವರ್ಷಗಳಿಂದ ಅವಳದೇ.

ಆ ಚರ್ಚಿನ ಗೋಡೆಗಳು ಕೋಟೆಯಷ್ಟು ದಪ್ಪ, ಕಿಟಕಿಗಳು ಮಾತ್ರ ಜಿಪುಣನ ಮುಷ್ಟಿಯಷ್ಟು ಕಿರಿದು. ಅವುಗಳಿಂದ ನುಸುಳಿದ ಬೆಳಕು ದುಂಡು ಕಮಾನುಗಳನ್ನು ಒಂದೊಂದಾಗಿ ಸವರಿ, ಕಂಬಗಳ ನೆತ್ತಿಯಲ್ಲಿ ಕೆತ್ತಿದ ಪಾಪಿಗಳ ಬೋಳು ತಲೆಯ ಮೇಲೆ ಕೂರುತ್ತಿತ್ತು. ಅಲ್ಲಿ ಒಂದು ಸ್ವರ ಬಿಟ್ಟರೆ ಅದು ಮೇಲೇರಿ, ಕಲ್ಲಿನ ಚಾವಣಿಗೆ ಒರಗಿ, ಮೈತುಂಬ ಬೆಣ್ಣೆ ಸವರಿಸಿಕೊಂಡು ನಿಧಾನವಾಗಿ ಇಳಿಯುತ್ತಿತ್ತು. ಒಂದು ಸಾಲು ಹಾಡಿ, ಅದು ಪೂರ್ತಿ ಇಳಿಯುವವರೆಗೆ ಕಾದು, ಮುಂದಿನದನ್ನು ಎತ್ತುವುದು ಅಲ್ಲಿನ ಕ್ರಮ. ಕಾಯುವಾಗ ಉಗೆತ್ ಕಣ್ಣು ಮುಚ್ಚಿ ತನ್ನನ್ನೇ ಆಲಿಸಿ ಧನ್ಯಳಾಗುತ್ತಿದ್ದಳು.

ಒಂದು ಶರತ್ಕಾಲದಲ್ಲಿ ಬೇಕರಿಯವನ ತಂಗಿ ಸಿದೋನಿ ಊರಿಗೆ ಬಂದು ನೆಲೆಸಿದಳು, ಹಾಡುವವರ ತಂಡವನ್ನೂ ಸೇರಿದಳು. ಚಳಿಗಾಲದ ಅಭ್ಯಾಸ ನಡೆಯುವುದು ಪಾದ್ರಿಗಳ ಮನೆಯ ಬೆಚ್ಚಗಿನ ಕೋಣೆಯಲ್ಲಿ, ಪರದೆ ಜಮಖಾನಗಳ ನಡುವೆ. ಸಿದೋನಿ ಬಾಯಿ ತೆರೆದ ಕೂಡಲೇ ಫಾದರ್ ಆನ್ಸೆಲ್ಮ್ ಕಾಫಿ ಬಟ್ಟಲನ್ನು ಕೆಳಗಿಟ್ಟರು. ಉಗೆತ್ ಹಾಡುವಾಗ ಅವರು ಹೀರುತ್ತಲೇ ಇರುತ್ತಿದ್ದರು.

"ಫೆಬ್ರವರಿಯ ಮೇಣದಬತ್ತಿ ಹಬ್ಬಕ್ಕೆ ಇಬ್ರೂ ಒಂದೊಂದು ಹಾಡಿ. ಈಸ್ಟರ್ ಯಾರದ್ದು ಅಂತ ಆಮೇಲೆ ನೋಡೋಣ" ಎಂದರು ಫಾದರ್.

"ಅಂಥದ್ದೇನಿದೆಯಂತೆ ಅವಳ ಗಂಟಲಲ್ಲಿ?" ಎಂದು ಉಗೆತ್ ಮನೆಗೆ ಬಂದು ಗುಡುಗಿದಳು.

"ಧ್ವನಿ" ಎಂದ ಗಂಡ ಫಿರ್ಮಾಂ, ಸೂಪಿಗೆ ಬ್ರೆಡ್ಡು ಅದ್ದುತ್ತಾ.

"ಬಾಯಿ ಮುಚ್ಕೊಂಡು ತಿನ್ನಿ!"

ಅಂದೇ ಯುದ್ಧತಂತ್ರ ಸಿದ್ಧವಾಯಿತು. ಆ ಹಬ್ಬದಲ್ಲಿ ಜನ ಹೊರಗಿನ ಅಂಗಳದಲ್ಲಿ ಬತ್ತಿ ಹಚ್ಚಿಕೊಂಡು ಮೆರವಣಿಗೆಯಲ್ಲಿ ಒಳಬರುವುದು ವಾಡಿಕೆ. ಮೊದಲ ಹಾಡು ಖಾಲಿ ಚರ್ಚಿನಿಂದ ಅವರನ್ನು ಕರೆಯುತ್ತದೆ. ಎರಡನೆಯದು ಎಲ್ಲರೂ ಕೂತ ಮೇಲೆ. ಬರಿಗಲ್ಲು ಸ್ವರವನ್ನು ಮೆರೆಸುತ್ತದೆ, ಉಣ್ಣೆ ಕೋಟು ತೊಟ್ಟ ಜನ ಅದನ್ನು ನುಂಗಿಬಿಡುತ್ತಾರೆ. "ನಂಗೂ ವಯಸ್ಸಾಯ್ತು ಫಾದರ್, ಮೊದಲೇ ಹಾಡಿ ಮುಗಿಸ್ಬಿಡ್ತೀನಿ" ಎಂದು ಉಗೆತ್ ಮೊದಲನೆಯದನ್ನು ಗಿಟ್ಟಿಸಿಕೊಂಡಳು. ಆಮೇಲೆ ಚೀಸ್ ಅಂಗಡಿಯಿಂದಲೇ ಸೈನ್ಯ ಜಮಾವಣೆ.

"ಈ ಸಲ ಬರ್ಲೇಬೇಕು ರೀ. ಸಿದೋನಿ ಹಾಡ್ತಾಳೆ, ಪಾಪ, ಹೊಸಬಳು. ಇರೋದ್ರಲ್ಲೇ ದಪ್ಪ ಕೋಟು ಹಾಕ್ಕೊಳ್ಳಿ, ಒಳಗೆ ಕೊರೆಯುತ್ತೆ. ಅತ್ತೇನೂ ಕರ್ಕೊಂಡು ಬನ್ನಿ. ಅವರ ಕಂಬಳೀನೂ!"

"ಎಂಥಾ ದೊಡ್ಡ ಮನಸ್ಸಪ್ಪ ಇವಳದು" ಎಂದರು ಜನ.

ಹಬ್ಬದ ಬೆಳಿಗ್ಗೆ ಹಿಮ ಬೆರೆತ ಗಾಳಿ ಎದ್ದಿತು. ಫಾದರ್ ಕೆಂಪು ಮೂಗು ಒರೆಸಿಕೊಂಡರು. "ಎಲ್ರೂ ಒಳಗೆ ಬಂದು ಕೂತ್ಕೊಳ್ಳಿ. ಬತ್ತಿ ಅಲ್ಲೇ ಹಚ್ಚೋಣ, ಹಾಡು ಆಮೇಲೆ."

"ಫಾದರ್, ಪದ್ಧತಿ..."

"ಪದ್ಧತಿಗೆ ನೆಗಡಿ ಆಗಲ್ಲ ಮದಾಮ್, ನಂಗಾಗುತ್ತೆ."

ಊರಿಗೆ ಊರೇ ಬಂದಿತ್ತು. ಬೆಂಚುಗಳ ತುಂಬ ಉಣ್ಣೆಯ ಗುಡ್ಡಗಳು. ತಾನೇ ಕಟ್ಟಿದ ಸೈನ್ಯದೆದುರು ಉಗೆತ್ ಒಂಟಿಯಾಗಿ ನಿಂತು ಮೊದಲ ಸಾಲು ಎತ್ತಿದಳು. ಸ್ವರ ಮೇಲೆ ಹೋಯಿತು, ಮರಳಿ ಬರಲಿಲ್ಲ. ತುದಿಯಲ್ಲಿ ನಡುಗುವ, ಹಳೆಯ ರೊಟ್ಟಿಯಂತೆ ಒಣಗಿದ ಒಂದು ಧ್ವನಿ ಕೇಳಿಸಿತು. ಯಾರದಪ್ಪಾ ಇದು ಎಂದುಕೊಳ್ಳುವಷ್ಟರಲ್ಲಿ ಗೊತ್ತಾಯಿತು. ಅಭ್ಯಾಸಬಲದಿಂದ ಕಾದಳು. ಆ ಮೌನದಲ್ಲಿ ಫಿರ್ಮಾಂ ಸೀನಿದ.

ಆಮೇಲೆ ಸಿದೋನಿ ಹಾಡಿದಳು, ಅದೇ ಉಣ್ಣೆಯ ನಡುವೆ. ಅವಳಿಗೆ ಚಾವಣಿಯ ಹಂಗೇ ಬೇಕಾಗಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ಕಿವಿಗೆ ಸುತ್ತಿದ್ದ ಶಾಲನ್ನು ಬಿಚ್ಚಿಕೊಂಡಳು. ಫಾದರ್ ಉಗೆತ್ ಕಡೆ ಸಂಕೋಚದಿಂದ ನೋಡಿದರು.

"ಈಸ್ಟರ್ ಅವಳಿಗೇ ಕೊಡಿ" ಎಂದಳು ಉಗೆತ್, ಕಿರೀಟ ಕಳಚಿ ಕೊಡುವ ರಾಣಿಯ ಹಾಗೆ.

ಜನ ಹಬ್ಬದ ತೆಳು ದೋಸೆ, ಕ್ರೆಪ್, ತಿನ್ನಲು ಹೊರಟುಹೋದ ಮೇಲೆ ಅವಳೊಬ್ಬಳೇ ಉಳಿದು, ಮೆಲ್ಲಗೆ ಒಂದು ಸ್ವರ ಬಿಟ್ಟಳು. ಚಾವಣಿ ಅದನ್ನು ಎತ್ತಿಕೊಂಡು, ದುಂಡಗೆ ಮಾಡಿ, ಕಮಾನಿನಿಂದ ಕಮಾನಿಗೆ ದಾಟಿಸಿ ಮೆರೆಸಿತು.

"ಬೇಕಾದಾಗ ಎಲ್ಲಿ ಸತ್ತಿದ್ದೆ?" ಎಂದು ಬೈದಳು. ಬೈಗುಳವೂ ಇಂಪಾಗಿ ಮರಳಿತು.

"ಅಯ್ಯೋ ದೇವ್ರೇ!" ಮರೆತ ಕೈಗವಸಿಗೆಂದು ಬಂದಿದ್ದ ಸಿದೋನಿ ಹಿಂದೆ ಬಾಯಿಬಿಟ್ಟು ನಿಂತಿದ್ದಳು. "ಖಾಲಿ ಇದ್ದಾಗ ಹೀಗಾ ಕೇಳುತ್ತೆ ಮದಾಮ್? ನಾನಿಲ್ಲಿ ಖಾಲಿಯಿದ್ದಾಗ ಹಾಡೇ ಇಲ್ಲ. ಒಂದೇ ಒಂದು ಸ್ವರ..." ಎನ್ನುತ್ತಾ ಎದೆತುಂಬ ಉಸಿರೆಳೆದುಕೊಂಡಳು.

ಉಗೆತ್ ಹಾರಿಬಂದು ಅವಳ ತೋಳು ಹಿಡಿದಳು. "ಆಮೇಲೆ, ಆಮೇಲೆ! ಕ್ರೆಪ್ ಆರಿಹೋಗ್ತಿದೆ, ನಡಿಯಮ್ಮ. ನಮ್ಮನೆಯವರು ಒಬ್ರೇ ಎಲ್ಲಾ ಮುಗಿಸಿಬಿಡ್ತಾರೆ."

ಅವಳನ್ನು ಎಳೆದುಕೊಂಡೇ ಹೊರಬಂದು, ಆ ದೈತ್ಯ ಬಾಗಿಲನ್ನು ಬೆನ್ನು ಕೊಟ್ಟು ಮುಚ್ಚಿದಳು.