ಆಯುಧಪೂಜೆ ದಿನದ ಅಲೆ

ದಸರಾ ರಜೆಗೆ ಸ್ಕಾಟ್‌ಲೆಂಡಿನ ಉತ್ತರ ತುದಿಗೆ ಸರ್ಫಿಂಗ್ ಮಾಡೋಕೆ ಹೋಗ್ತೀನಿ ಅಂದಾಗ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಬ್ಬರೂ ನಂಬಲಿಲ್ಲ. ನಲವತ್ತಾರು ವಯಸ್ಸು, ಫಿಸಿಕ್ಸ್ ಪಾಠ ಮಾಡೋ ಹೆಂಗಸು, ಇರೋದು ವಿದ್ಯಾರಣ್ಯಪುರಂನಲ್ಲಿ, ಸಮುದ್ರಕ್ಕೂ ನಮಗೂ ಮಧ್ಯೆ ಇಡೀ ಘಟ್ಟ ಇದೆ. ನಂಬದಿದ್ದರೆ ಬಿಡಲಿ. ಆರು ವರ್ಷದಿಂದ ರಜೆ ಸಿಕ್ಕಾಗೆಲ್ಲ ಕರಾವಳಿಗೆ ಓಡಿ, ಹಲಗೆ ಮೇಲೆ ಎದ್ದು ನಿಲ್ಲೋದನ್ನ ಬಿದ್ದು ಬಿದ್ದು ಕಲಿತವಳು ನಾನು.

ನಮ್ಮ ಕಡಲಲ್ಲಿ ಅಲೆ ಮರಳಿನ ಮೇಲೆ ಒಡೆಯುತ್ತೆ, ಇವತ್ತು ಇಲ್ಲಿ, ನಾಳೆ ಅಲ್ಲಿ. ಸ್ಕಾಟ್‌ಲೆಂಡಿನ ಆ ತುದಿಯಲ್ಲಿ ಹಾಗಲ್ಲ. ನೀರಿನಡಿ ಚಪ್ಪಟೆ ಕಲ್ಲುಹಾಸಿದೆ, ಪ್ರತಿ ಅಲೆಯೂ ಅದೇ ಜಾಗದಲ್ಲಿ ಎದ್ದು ಅದೇ ಥರ ಮಗುಚುತ್ತೆ. ಆ ಅಲೆಯ ವಿಡಿಯೋ ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಸಿದ್ಧಾರ್ಥನಗರದಲ್ಲಿರೋ ನನ್ನ ಗೆಳತಿಗೆ, ನನ್ನ ಜೊತೆಗೇ ಸರ್ಫಿಂಗ್ ಕಲಿತವಳಿಗೆ, ಅದನ್ನ ಕಳಿಸಿದೆ. ಹತ್ತು ನಿಮಿಷಕ್ಕೆ ಸ್ಕೂಟರ್ ಹತ್ತಿ ಮನೆಗೇ ಬಂದುಬಿಟ್ಟಳು. ಚಳಿ ಅಭ್ಯಾಸ ಆಗಲಿ ಅಂತ ಟೆರೇಸಿನ ಮೇಲೆ ನೀಲಿ ಡ್ರಮ್ಮಿಟ್ಟು, ಐಸ್ ತುಂಬಿಸಿ, ಸರದಿ ಮೇಲೆ ಕುತ್ತಿಗೆವರೆಗೂ ಮುಳುಗಿ ಕೂರೋಕೆ ಶುರುಮಾಡಿದೆವು. ಪಕ್ಕದ ಮನೆಯವರು ಬಟ್ಟೆ ಒಣಹಾಕೋಕೆ ಬಂದು ಹಾಗೇ ವಾಪಸ್ ಹೋದರು.

ಆದರೆ ಒಂದು ಒಪ್ಪಿಗೆ ಬಾಕಿ ಇತ್ತು, ಅಮ್ಮನದು. ಮೂರು ವರ್ಷದ ಹಿಂದೆ ಕರಾವಳಿಯಲ್ಲಿ ಹಲಗೆಗೂ ಕಾಲಿಗೂ ಕಟ್ಟಿದ್ದ ಹಗ್ಗ ತುಂಡಾಗಿ, ಈಜಿ ದಡ ಸೇರಿ, ಅಮ್ಮನಿಗೆ ಫೋನ್ ಮಾಡೋ ಹೊತ್ತಿಗೆ, ಹೇಳಿದ್ದಕ್ಕಿಂತ ಎರಡು ಗಂಟೆ ತಡವಾಗಿತ್ತು. ಇನ್ನು ನೀನು ಹೂಂ ಅನ್ನದೆ ಹೊಸ ನೀರಿಗೆ ಇಳಿಯಲ್ಲ ಅಂತ ಆವತ್ತೇ ಮಾತು ಕೊಟ್ಟಿದ್ದೆ. ಅಮ್ಮ ಹೂಂ ಅಂದರೆ ಪ್ರಯಾಣ, ಉಹೂಂ ಅಂದರೆ ಇಲ್ಲ.

ದಿನ ಗೊತ್ತುಮಾಡೋಕೆ ಅಡುಗೆಮನೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂತೆ. ಅಮಾವಾಸ್ಯೆ ಹತ್ತಿರ ಇಳಿತ ಜೋರು, ಆ ಕಲ್ಲುಗಳೆಲ್ಲ ಮೇಲೇ ಬಂದುಬಿಡುತ್ತವೆ, ಬಿದ್ದರೆ ಮೂಳೆ ಪುಡಿ. ಚಂದ್ರ ಅರ್ಧ ಆದ ಮೇಲೆ ಒಂದೆರಡು ದಿನ ಏರಿಳಿತ ಕಮ್ಮಿ, ಕಲ್ಲಿನ ಮೇಲೆ ಸಾಕಷ್ಟು ನೀರು ನಿಂತಿರುತ್ತೆ. ಅಮ್ಮನಿಗೆ ಇದನ್ನೆಲ್ಲ ಖುಷಿಯಿಂದ ವಿವರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನಾನು ಗುರುತು ಹಾಕಿದ್ದ ತಾರೀಕಿನ ಮೇಲೆ ಬೆರಳಿಟ್ಟು, ಅದು ನವಮಿ ಅಂದಳು. ಆಯುಧಪೂಜೆ. ಅವತ್ತು ಹಲಗೆಗೆ ಕುಂಕುಮ ಇಟ್ಟು ಸುಮ್ಮನೆ ಕೂರಿಸಬೇಕೇ ಹೊರತು ಅದರ ಮೇಲೆ ಹತ್ತಿ ನಿಲ್ಲೋ ಹಾಗಿಲ್ಲವಂತೆ.

ನನಗೆ ರೇಗಿಹೋಯಿತು. ಮಿಕ್ಸಿಗೆ ಕುಂಕುಮ ಇಟ್ಟು ಅದೇ ಮಿಕ್ಸಿಯಲ್ಲಿ ಅವತ್ತೇ ಚಟ್ನಿ ರುಬ್ಬುತ್ತೀಯಲ್ಲ, ಬಾಳೆಕಂದು ಕಟ್ಟಿಕೊಂಡು ಸಿಟಿ ಬಸ್ಸುಗಳು ಓಡಾಡಲ್ವಾ ಅಂತ ಹಾರಾಡಿದೆ. ಅಮ್ಮ ಹುರುಳಿಕಾಯಿ ಬಿಡಿಸುತ್ತ ಕೂತಳು. ಎರಡು ದಿನ ನನ್ನ ಕಾಫಿ ನಾನೇ ಮಾಡಿಕೊಂಡೆ.

ಮೂರನೇ ದಿನ ವೆಟ್‌ಸೂಟ್ ಬಂತು. ಚಳಿ ನೀರಿಗೆ ಹಾಕಿಕೊಳ್ಳೋ ದಪ್ಪ ರಬ್ಬರಿನ ಉಡುಪು. ಕೋಪ ಗೀಪ ಎಲ್ಲ ಮರೆತು ಹಾಲ್‌ನಲ್ಲೇ ಹಾಕಿಕೊಳ್ಳೋಕೆ ಹೋದೆ. ಮೊಣಕೈಯಿಂದ ಮುಂದಕ್ಕೆ ಕೈ ಹೋಗಲೊಲ್ಲದು, ಹಿಂದಕ್ಕೆ ಬರಲೊಲ್ಲದು. ಅಮ್ಮ ಎದ್ದು ಬಂದು ಕೈಯನ್ನ ಹೇಗೋ ಹೊರಗೆಳೆದಳು, ಆಮೇಲೆ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಕೈಗೆ ತೊಡಿಸಿದಳು, ಬಳೆ ಅಂಗಡಿಯವರು ಬಿಗಿ ಬಳೆ ಏರಿಸೋಕೆ ಮಾಡೋ ಹಾಗೆ. ತೋಳು ಜರ್ರನೆ ಒಳಗೆ ಹೋಯಿತು! ಎರಡನೇ ಕೈಗೂ ಹಾಗೇ ಮಾಡಿದಳು. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ.

ಬೆನ್ನ ಹಿಂದಿನ ಜಿಪ್ ಎಳೆದ ಮೇಲೆ ಅವಳು ಕೈ ತೆಗೆಯಲಿಲ್ಲ.

"ಶಾಸ್ತ್ರ ಗೀಸ್ತ್ರ ಏನಿಲ್ಲ ಕಣೆ," ಅಂದಳು. "ಆವತ್ತು ನಿನ್ನ ಫೋನ್ ಬರಲಿಲ್ಲವಲ್ಲ, ನಾನು ಗೇಟ್ ಹತ್ರ ನಿಂತುಕೊಂಡು ನಿನ್ನ ಸೀರೆಗಳನ್ನೆಲ್ಲ ಯಾರಿಗೆ ಕೊಡೋದು ಅಂತ ಯೋಚನೆ ಮಾಡಿದ್ದೆ."

ನಾನು ತಿರುಗಲಿಲ್ಲ, ತಿರುಗೋ ಧೈರ್ಯ ಬರಲಿಲ್ಲ. ಹೋಗಲ್ಲ ಬಿಡಮ್ಮ ಅಂದೆ. ಆ ಕ್ಷಣಕ್ಕೆ ಅದು ಸುಳ್ಳೂ ಆಗಿರಲಿಲ್ಲ.

ಹೋಗಬೇಡ ಅಂತ ಯಾರು ಹೇಳಿದರು ಅಂತ ಗದರಿದಳು. ಆರು ವರ್ಷದಲ್ಲಿ ನಾನು ಎದ್ದು ನಿಂತಿದ್ದನ್ನ ಅವಳು ಒಂದು ಸಲವೂ ನೋಡಿಲ್ಲವಂತೆ, ಬರೀ ಫೋನಿಗೆ ಕಾದಿದ್ದಾಳಂತೆ. ಇನ್ನು ಹಾಗೆ ಮನೆಯಲ್ಲಿ ಕೂರೋದು ಆಗಲ್ಲವಂತೆ. ದಡದಲ್ಲಿ ನಿಂತು ಕಣ್ಣಾರೆ ನೋಡಬೇಕಂತೆ.

"ನನಗೂ ಪಾಸ್‌ಪೋರ್ಟ್ ಮಾಡಿಸು. ಒಂದು ದಪ್ಪ ಸ್ವೆಟರ್ ತಗೋ."

ಮದುವೆಯಾಗಿ ಬಂದ ವರ್ಷದಿಂದ ಒಂದು ನವರಾತ್ರಿಯೂ ತಪ್ಪಿಸದೆ ಗೊಂಬೆ ಕೂರಿಸಿದವಳು ಇವಳು. ಹಾಗಾದರೆ ಈ ವರ್ಷ ಗೊಂಬೆ ಯಾರು ಕೂರಿಸುತ್ತಾರೆ ಅಂತ ಕೇಳಿದೆ.

"ಗೊಂಬೆ ಎಲ್ಲಿಗೂ ಹೋಗಲ್ಲ ಕಣೆ," ಅಂದಳು ಅಮ್ಮ.