ಅತ್ತೆ ನೀರು ಕುಡಿಸಿದ ಗಾಲಿಗಳು

ನಾನು ಶಿಗ್ಗಾಂವಿಗೆ ಸೊಸೆಯಾಗಿ ಬಂದದ್ದು ಯುದ್ಧದ ಕಾಲದಲ್ಲಿ, ಬಂಡಿಯಲ್ಲಿ. ಮೋಟಾರು ಇರುವ ಮನೆಗೆ ಕೊಟ್ಟಿದ್ದಾರೆ ಎಂದು ನನ್ನ ತವರು ಹಿರೇಕೆರೂರಿನ ತುಂಬ ಸುದ್ದಿಯಾಗಿತ್ತು. ಮೋಟಾರಿಗೆ ಪೆಟ್ರೋಲ್ ಇಲ್ಲ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ವಿಲಾಯತಿಗೆ ಹೊರಟಿದ್ದ ಧಾರವಾಡದ ಒಬ್ಬ ಸಾಹೇಬನಿಂದ ನಮ್ಮ ಮನೆಯವರು ಅದನ್ನು ಕೊಂಡಿದ್ದರಂತೆ. ಹಸಿರು ಬಣ್ಣ, ಮಿಡತೆಯಂಥ ಉದ್ದ ಮೂತಿ, ತಲೆಯ ಮೇಲೆ ಸೂರಿಲ್ಲ. ಓಟಕ್ಕೆಂದೇ ಮಾಡಿದ ಗಾಡಿ ಎಂದು ಇವರು ಬಣ್ಣಿಸಿದರೆ, "ಒಂದು ಜ್ವಾಳದ ಚೀಲಾ ಹಿಡಿಯಂಗಿಲ್ಲ, ಇದೆಂಥಾ ಗಾಡಿ?" ಎಂದು ಮಾವ. ನಾನು ಬಂದಾಗ ಅದು ಕೊಟ್ಟಿಗೆಯಲ್ಲಿ ಬಂಡಿಯ ಪಕ್ಕಕ್ಕೆ ತಾಡಪತ್ರಿ ಹೊದ್ದು ನಿಂತಿತ್ತು. ದಿನಾ ಸಂಜೆ ಇವರು ತಾಡಪತ್ರಿಯ ಒಂದು ತುದಿ ಎತ್ತಿ ಅದರ ಮೂತಿ ಒರೆಸುತ್ತಿದ್ದರು. ಎತ್ತಿನ ಮೈ ತಿಕ್ಕುವವರಲ್ಲೂ ಅಷ್ಟು ಅಕ್ಕರೆ ಕಂಡಿಲ್ಲ ನಾನು.

"ಪೆಟ್ರೋಲ್ ಸಿಗಲಿ ತಡಿ. ಪಂಚಮಿಗೆ ನಾನ ಕರಕೊಂಡ ಹೊಕ್ಕೇನಿ. ನಿಮ್ಮ ಅವ್ವನ ಅಂಗಳದಾಗ ಮೋಟಾರಿನಿಂದ ಇಳಸ್ತೇನಿ ನಿನ್ನ," ಎನ್ನುತ್ತಿದ್ದರು.

ಯುದ್ಧ ಮುಗಿಯಿತು. ಮರುವರ್ಷದ ಶ್ರಾವಣಕ್ಕೆ ಎರಡು ಡಬ್ಬಿ ಪೆಟ್ರೋಲ್ ಸಿಕ್ಕಿತು. ಹಿಂದಿನ ಪಂಚಮಿಗೆ ಅತ್ತೆಗೆ ಜಡ್ಡಾಗಿ ನಾನು ತವರಿಗೆ ಹೋಗಿರಲಿಲ್ಲ. ಅವ್ವನ ಕೈಯ ಉಂಡಿ, ಹುಣಸೆಮರದ ಜೋಕಾಲಿ ಕನಸಿನಲ್ಲಿ ಬರುತ್ತಿದ್ದವು. ಇವರು ಉತ್ಸಾಹದಲ್ಲಿ ನನ್ನ ಅಣ್ಣನಿಗೆ ಹೇಳಿ ಕಳಿಸಿಬಿಟ್ಟರು: ಕರೆಯಲು ಬರುವುದು ಬೇಡ, ಬಂಡಿ ಕಟ್ಟುವುದೂ ಬೇಡ, ಮೋಟಾರಿನಲ್ಲಿ ನಾವೇ ಬರುತ್ತೇವೆ. ನಮ್ಮ ಮನೆಯ ಬಂಡಿಯಂತೂ ಹೊಲದ ಕೆಲಸ ಬಿಟ್ಟು ಕದಲುವಂತಿರಲಿಲ್ಲ. ಹೀಗಾಗಿ ನನ್ನ ಪಂಚಮಿ ಪೂರಾ ಆ ಹಸಿರು ಮಿಡತೆಯ ಮೇಲೆ ನಿಂತಿತು.

ಎಂಜಿನ್ ಕೆಮ್ಮಿ ಕೆಮ್ಮಿ ಎದ್ದಿತು. ಗಾಡಿ ಮಾತ್ರ ಅಲುಗಲಿಲ್ಲ. ಎತ್ತು ಹೂಡಿ ಅಂಗಳಕ್ಕೆ ಎಳೆಸಿದಾಗ ಹಿಂದಿನ ಎರಡು ಗಾಲಿ ತಿರುಗದೆ, ನೆಲದಲ್ಲಿ ಉಳುವ ಗಳೆ ಹೊಡೆದಂತೆ ಗೆರೆ ಬಿದ್ದವು.

ಸವಣೂರಿನಿಂದ ಮೋಟಾರು ಮೇಸ್ತ್ರಿ ಬಂದ. ಮೆಹಂದಿ ಹಚ್ಚಿದ ಗಡ್ಡ, ಬಾಯಿತುಂಬ ಎಲೆ, ಅದಕ್ಕಿಂತ ಹೆಚ್ಚು ಮಾತು. "ಇದೇನ್ರಿ ಸಾವ್ಕಾರ್ರ, ದುಪಾರಿ ನಮಾಜಿಗೆ ನಾ ವಾಪಸ್ ಸವಣೂರಾಗ ಇರ್ತೇನಿ," ಎಂದ. ಗಾಲಿ ಕಳಚಿದ. ಒಳಗೆ ಮುಚ್ಚಳ ಬಡಿದ ಬೋಗುಣಿಯಂಥ ಕಬ್ಬಿಣದ ಡ್ರಮ್ಮು. ಅದರೊಳಗಿನ ಬ್ರೇಕು ಡ್ರಮ್ಮಿಗೇ ಕಚ್ಚಿಕೊಂಡಿದೆ, ಡ್ರಮ್ಮು ಎಳೆದು ತೆಗೆದರೆ ಎಲ್ಲ ಸಡಿಲಾಗುತ್ತದೆ ಎಂದ. ಸೀಮೆಎಣ್ಣೆ ಬಿಟ್ಟ, ಬಡಿದ, ಮೀಟಿದ. ಮಧ್ಯಾಹ್ನದ ನಮಾಜಿನ ಹೊತ್ತು ನಮ್ಮ ಅಂಗಳದಲ್ಲೇ ಆಯಿತು. ತುಕ್ಕು ಮಾತ್ರ ಹಪ್ಪಳದಂತೆ ಪದರ ಪದರ ಉದುರುತ್ತಿತ್ತು.

"ಸೂರಿನ ಕೆಳಗ ನಿಂತ ಗಾಡಿಗೆ ಇಷ್ಟ ಜಂಗ ಹೆಂಗ ಹಿಡೀತ್ರಿ?" ಮೇಸ್ತ್ರಿ ಗಡ್ಡ ಕೆರೆದುಕೊಂಡ. "ಕೆರ್ಯಾಗ ನಿಂದ್ರಿಸಿದ್ರೇನು?"

ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. "ಕೆರಿ ಯಾಕ? ನಾ ಇಲ್ಲೇನು? ಬ್ಯಾಸಗ್ಯಾಗ ಬಂಡಿ ಗಾಲಿಗೆ ನೀರ ಹೊಡಿಯೋ ಮುಂದ ಇದಕ್ಕೂ ಎರಡ ಕೊಡ ಹೊಡದೇನಿ. ಒಂದ ವರ್ಷನೂ ತಪ್ಪಿಸಿಲ್ಲ."

ಬಿಸಿಲಿಗೆ ಕಟ್ಟಿಗೆ ಸೊರಗಿದರೆ ಬಂಡಿಯ ಗಾಲಿಯಿಂದ ಕಬ್ಬಿಣದ ಹಳಿ ಕಳಚಿ ಬೀಳುತ್ತದೆ. ಅದಕ್ಕೇ ನಮ್ಮ ಕಡೆ ಬೇಸಿಗೆಯಲ್ಲಿ ಗಾಲಿಗೆ ನೀರು ಕುಡಿಸುವುದು. ಮಗನ ಗಾಡಿಗೆ ಭೇದ ಮಾಡಬಾರದೆಂದು ಅತ್ತೆ ಅದಕ್ಕೂ ಕುಡಿಸಿದ್ದರು. ಮಧ್ಯಾಹ್ನ ಇವರು ಹೊಲದಲ್ಲಿ, ನಾನು ಒಳಗೆ ಒಲೆಯ ಮುಂದೆ ಇರುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಇವರ ಮುಖ ನೋಡುವಂತಿರಲಿಲ್ಲ. "ಯವ್ವಾ, ಇದರ ಗಾಲ್ಯಾಗ ಕಟಗಿನ ಇಲ್ಲಲ್ಲ!"

"ಕಟಗಿ ಇಲ್ಲಂದ್ರ ನೀರಡಿಕಿನೂ ಇಲ್ಲೇನೋ?"

ಮೇಸ್ತ್ರಿ ಎಲೆ ಉಗುಳಿ ಬಂದು ಕೈಮುಗಿದ. "ಅವ್ವಾರ, ನಿಮ್ಮ ಕೈಗುಣ ಭಾಳ ಛಲೋ ಐತಿ. ಬಿಚ್ಚಬಾರದಂತ ಹೊಡದ್ರಿ. ಈಗ ನೋಡ್ರಿ, ಬಿಚ್ಚಂದ್ರೂ ಬಿಚ್ಚವಲ್ದು!"

ಎಲ್ಲರೂ ನಕ್ಕೆವು, ಅತ್ತೆ ನಗಲಿಲ್ಲ. ರಾತ್ರಿ ರೊಟ್ಟಿ ಬಡಿಯುವಾಗ ನನ್ನ ಕಡೆ ನೋಡದೆ, "ನಿನ್ನ ಪಂಚಮಿ ನಾನ ಮುಳುಗಿಸಿದೆ ಏನವಾ?" ಎಂದರು. ಇಲ್ಲವೆನ್ನಲು ಬಾಯಿ ತೆರೆದರೆ ಅಳು ಬಂದೀತೆಂದು ನಾನು ಒಲೆ ಊದುತ್ತ ಕೂತೆ.

ಬೆಳಿಗ್ಗೆ ನೋಡಿದರೆ ಅತ್ತೆ ಒಂದು ಬುಟ್ಟಿ ಸಗಣಿ ಕುಳ್ಳು ಹೊತ್ತು ಅಂಗಳಕ್ಕೆ ಬಂದಿದ್ದಾರೆ. "ಹಳಿ ಹಾಕೋ ಮುಂದ ಕುಳ್ಳಿನ ಬೆಂಕ್ಯಾಗ ಕಾಸಿ ಹಿಗ್ಗಸ್ತಾರ. ಇದನ್ನೂ ಹಿಗ್ಗಸ್ರಿ."

"ನಾನೂ ಅದನ್ನ ಹೇಳಾವ ಇದ್ದೆ," ಎಂದ, ರಾತ್ರಿ ನಮ್ಮ ಕಟ್ಟೆಯ ಮೇಲೇ ಮಲಗಿದ್ದ ಮೇಸ್ತ್ರಿ. ಇದ್ದನೋ ಇಲ್ಲವೋ, ಪೆಟ್ರೋಲಿನ ಟಾಕಿಯನ್ನಂತೂ ಮೊದಲು ಬಿಚ್ಚಿಸಿ ಹಿತ್ತಲಾಚೆ ಇಡಿಸಿದ. ಒಡೆದ ಹಂಡೆಯ ತುಂಡಿನಲ್ಲಿ ಕೆಂಡ ತುಂಬಿ ಡ್ರಮ್ಮಿನ ಸುತ್ತ ಹಿಡಿದರು. ಒಂದೇ ಕಡೆ ಕಾದರೆ ಸೀಳೀತೆಂದು ಸುತ್ತ ಸರಿಸುತ್ತ ಇವರು, ಬೀಸಣಿಕೆ ಹಿಡಿದು ಅತ್ತೆ, ಮರದ ಕೊಡತಿಯಿಂದ ಮೆಲ್ಲಗೆ ಸುತ್ತಲೂ ತಟ್ಟುತ್ತ ಮೇಸ್ತ್ರಿ. "ಬಾರವಾ, ಬಾ. ತವರಮನಿಗೆ ಹೊಂಟಾಳ ಸೊಸಿ, ಹಟಾ ಮಾಡಬ್ಯಾಡ," ಎಂದು ಅತ್ತೆ ಅದನ್ನು ರಮಿಸುತ್ತಿದ್ದರು. ಠಣ್ ಎಂದು ಒಂದು ಸದ್ದಾಯಿತು. ಡ್ರಮ್ಮು ಕೂದಲೆಳೆಯಷ್ಟು ಸರಿದಿತ್ತು. ಆಮೇಲೆ ತಾನೇ ಸೋತಂತೆ ಕಳಚಿ ಬಂತು. ಇನ್ನೊಂದು ಗಾಲಿಯದು ಸಂಜೆಯವರೆಗೂ ಸತಾಯಿಸಿ ಬಂತು.

ಒಳಗೆ ಬ್ರೇಕಿನ ಲೈನಿಂಗು ಒಣಗಿದ ರೊಟ್ಟಿಯಂತೆ ಮುಟ್ಟಿದರೆ ಪುಡಿಯಾಯಿತು. ಹುಬ್ಬಳ್ಳಿಯಿಂದ ತರಿಸಲು ಹೊತ್ತಿಲ್ಲ. ಅರಳೆ ಗಿರಣಿಯ ಯಂತ್ರ ತಿರುಗಿಸುತ್ತಿದ್ದ ಹಳೆಯ ದಪ್ಪ ಅರಿವೆಯ ಪಟ್ಟಾ ಕೊಯ್ದು, ತಾಮ್ರದ ಮೊಳೆ ಬಡಿದು ಕೂಡಿಸಿದ ಮೇಸ್ತ್ರಿ ಎಚ್ಚರಿಸಿದ: "ಇಳಕಲಿನ್ಯಾಗ ಎತ್ತಿಗಿಂತ ಜೋರ ಬಿಟ್ರಿ ಅಂದ್ರ ನನ್ನ ಹೆಸರ ಹೇಳಬ್ಯಾಡ್ರಿ."

ಹಬ್ಬದ ಹಿಂದಿನ ದಿನ ಹೊರಟೆವು. ಹಾನಗಲ್ಲಿನಲ್ಲಿ ಚಹಾ ಕುಡಿದೆವು. ಪ್ರತಿ ಇಳಿಜಾರಿಗೂ ಸುಟ್ಟ ಅರಿವೆಯ ವಾಸನೆ. ನಾನು ಸೆರಗು ಬಿಗಿದು ಕುಲದೇವರನ್ನೆಲ್ಲ ನೆನೆದೆ. ಹಿರೇಕೆರೂರು ಒಂದು ಹರದಾರಿ ಇರುವಾಗ ದಾರಿಯ ಬದಿಗೆ ಒಂದು ಬಂಡಿ ನಿಂತಿತ್ತು. ನೊಗದ ಮೇಲೆ ನನ್ನ ಅಣ್ಣ, ಪಕ್ಕದಲ್ಲಿ ತವರಮನೆಯ ಆಳುಮಗ.

ಇವರಿಗೆ ಸಿಟ್ಟು. "ಬರಬ್ಯಾಡ್ರಿ ಅಂತ ಹೇಳಿ ಕಳಿಸಿದ್ನೆಲ್ಲ?"

"ನಿಮ್ಮ ಮ್ಯಾಲೆ ನಂಬಿಕಿ ಐತ್ರಿ ಭಾವಾರ. ಮೋಟಾರಿನ ಮ್ಯಾಲೆ ಇಲ್ಲ," ಎಂದ ಅಣ್ಣ. ಹೇಳುತ್ತಲೇ ಗಾಡಿಯ ಸುತ್ತ ಎರಡು ಸಲ ಸುತ್ತಿದ, ದೀಪ ಸವರಿದ, ಸೀಟು ಒತ್ತಿ ನೋಡಿದ. "ಒಂದಿಷ್ಟ ಕುಂತ ನೋಡ್ಲೇನ್ರಿ?"

ಇವರ ಸಿಟ್ಟು ಅಲ್ಲೇ ಇಳಿಯಿತು. ಗಾಡಿಯಲ್ಲಿ ಇದ್ದದ್ದೇ ಎರಡು ಜಾಗ. ನಾನು ಇಳಿದು ಆಳುಮಗನ ಹಿಂದೆ ಬಂಡಿ ಹತ್ತಿದೆ. ಅವರಿಬ್ಬರೂ ಧೂಳೆಬ್ಬಿಸಿ ಹೋದರು. ನಿಜ ಹೇಳಬೇಕೆಂದರೆ, ಆ ಬಂಡಿಯ ಹುಲ್ಲಿನ ಮೇಲೆ ಕಾಲು ಚಾಚಿದಾಗಲೇ ನನಗೆ ಜೀವ ಬಂದದ್ದು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಅಂಗಳದಲ್ಲಿ ಮೋಟಾರಿನ ಸುತ್ತ ಊರೇ ನೆರೆದಿತ್ತು. ಅವ್ವ ಮಾತ್ರ ಆರತಿ ತಟ್ಟೆ ಹಿಡಿದುಕೊಂಡೇ ಅಳಿಯನನ್ನೂ ಮಗನನ್ನೂ ಕೂಡಿಸಿ ಬೈಯುತ್ತಿದ್ದಳು: "ಮೋಟಾರ ತಂದ್ರಿ, ಖರೆ. ನನ್ನ ಮಗಳನ್ನ ಎಲ್ಲಿ ಬಿಟ್ಟ ಬಂದ್ರಿ?"